ಕಾರ್ಬನ್ ಡೈಆಕ್ಸೈಡ್ ಗ್ರಾಫ್ ಓದುವುದು ಹೇಗೆ?

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟು ಜಗತ್ತು ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟಿದೆ ಅನ್ನೋ ಗ್ರಾಫ್ ಸಿಕ್ಕರೆ ಮೊದಲು ಅಳತೆ ನೋಡಿ, ಗೆರೆ ಆಮೇಲೆ. 1750ರಿಂದ ಈಚಿನ ಅಂಕಿಗಳು ಅವರ್ ವರ್ಲ್ಡ್ ಇನ್ ಡೇಟಾ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಕೆಲವರು ಬರೀ ಕಾರ್ಬನ್ ತೂಕ ಕೊಡುತ್ತಾರೆ, ಕೆಲವರು ಇಡೀ ಅನಿಲದ ತೂಕ. ಕಾರ್ಬನ್ ಪರಮಾಣುವಿನ ತೂಕ 12, ಜೊತೆಗೆ ಸೇರುವ ಎರಡು ಆಮ್ಲಜನಕದ್ದು ತಲಾ 16, ಒಟ್ಟು 44. ಹಾಗಾಗಿ ಇಡೀ ಅನಿಲದ ತೂಕ ಬೇಕಾದರೆ ಕಾರ್ಬನ್ ಅಂಕಿಯನ್ನು 3.67ರಿಂದ (44 ÷ 12) ಗುಣಿಸಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ, ಸುಟ್ಟರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಜಾಸ್ತಿಯಾದ ತೂಕವೆಲ್ಲ ಗಾಳಿಯ ಆಮ್ಲಜನಕದ್ದು.

ಈಗ ಗೆರೆಗೆ ಬನ್ನಿ. 1950ರಲ್ಲಿ ವರ್ಷಕ್ಕೆ ಸುಮಾರು 600 ಕೋಟಿ ಟನ್, 1990ರಲ್ಲಿ 2,200 ಕೋಟಿ ದಾಟಿತ್ತು, ಈಗ 3,700 ಕೋಟಿಗೂ ಮೇಲೆ. ನಡುವೆ ತಗ್ಗು ಕಂಡರೆ ಆ ವರ್ಷ ಏನಾಯ್ತು ಅಂತ ಹುಡುಕಿ: 1930ರ ಆಸುಪಾಸಿನ ಆರ್ಥಿಕ ಕುಸಿತ, 1970ರ ದಶಕದ ತೈಲ ಬಿಕ್ಕಟ್ಟು, 2009ರ ಜಾಗತಿಕ ಹಣಕಾಸು ಬಿಕ್ಕಟ್ಟು, ಆಮೇಲೆ 2020ರ ಕೊರೊನಾ. 2020ರಲ್ಲಿ ಶೇಕಡಾ 5ರಷ್ಟು ಇಳಿದದ್ದು ಮರುವರ್ಷವೇ ಬಹುಪಾಲು ವಾಪಸ್ ಏರಿತು.

ದೇಶ ದೇಶ ಹೋಲಿಸುವಾಗ ಒಂದೇ ಗ್ರಾಫ್ ನಂಬಬೇಡಿ, ಮೂರು ತೆಗೆಯಿರಿ. ವರ್ಷದ ಲೆಕ್ಕದಲ್ಲಿ ಚೀನಾ 2006ರ ಹೊತ್ತಿಗೆ ಅಮೆರಿಕವನ್ನು ಹಿಂದೆ ಹಾಕಿತು, ಭಾರತ ಈಗ ಮೂರನೆಯದು. ತಲಾ ಲೆಕ್ಕ ಹಾಕಿದರೆ ಭಾರತದವರದು ಸುಮಾರು 2 ಟನ್, ಅಮೆರಿಕದವರದು ಸುಮಾರು 14. ಮೊದಲಿನಿಂದ ಬಿಟ್ಟದ್ದನ್ನೆಲ್ಲ ಕೂಡಿದರೆ ಅಮೆರಿಕ ಒಂದೇ ಹೆಚ್ಚುಕಡಿಮೆ ಕಾಲು ಭಾಗ. ಈ ಅನಿಲ ನೂರಾರು ವರ್ಷ ಗಾಳಿಯಲ್ಲಿ ಉಳಿಯುವುದರಿಂದ ಭೂಮಿ ಎಷ್ಟು ಬಿಸಿಯಾಗುತ್ತದೆ ಅನ್ನೋದಕ್ಕೆ ಕೂಡಿದ ಲೆಕ್ಕವೇ ಮುಖ್ಯ, ಅದಕ್ಕೇ ಬರೀ ವರ್ಷದ ಗ್ರಾಫ್ ಹಿಡಿದು ಭಾರತದ ಕಡೆ ಬೆರಳು ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗಂತ ನಮ್ಮ ಗೆರೆ ಏರುತ್ತಿರುವುದನ್ನು ಮುಚ್ಚಿಡುವುದೂ ಸರಿಯಲ್ಲ, ಅಲ್ವಾ?

"ಏರಿಕೆ ನಿಧಾನವಾಗಿದೆ" ಅಂದರೆ ಇಳಿದಿದೆ ಅಂತಲ್ಲ. ಹೊರಗೆ ಬಿಡುವುದು ಸ್ವಲ್ಪ ಇಳಿದರೂ ಗಾಳಿಯಲ್ಲಿರುವುದು ಏರುತ್ತಲೇ ಇರುತ್ತದೆ: ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇತ್ತು, ಈಗ 420 ದಾಟಿದೆ.

ಕೊನೆಗೆ ಆಮದು ನೋಡಿ. ಬ್ರಿಟನ್ 2024ರಲ್ಲಿ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು, ಅಲ್ಲಿನ ಗೆರೆ ನಿಜಕ್ಕೂ ಇಳಿದಿದೆ. ಆದರೆ ಅಲ್ಲಿನವರು ಕೊಳ್ಳುವ ಎಷ್ಟೋ ಸಾಮಾನು ತಯಾರಾಗುವುದು ಬೇರೆ ದೇಶದಲ್ಲಿ, ಆ ಹೊಗೆ ಬೀಳುವುದು ಆ ದೇಶದ ಲೆಕ್ಕಕ್ಕೆ. ಅದಕ್ಕೇ ಬಳಕೆ ಆಧಾರಿತ ಲೆಕ್ಕದ (ಅಂದರೆ ಸಾಮಾನು ಬಳಸುವ ದೇಶಕ್ಕೇ ಅದರ ಹೊಗೆಯನ್ನು ಸೇರಿಸುವ ಲೆಕ್ಕದ) ಗೆರೆಯನ್ನೂ ಅದೇ ಗ್ರಾಫಿನಲ್ಲಿ ಸೇರಿಸಿಕೊಂಡು ನೋಡಿ.