ಗುಳೆ ಹೋಗುವ ಮುಂಚೆ ತಾಯಿ ಕಾರ್ಡ್ ಚೀಲಕ್ಕೆ ಹಾಕಿ

ಮಳೆ ಕೈಕೊಟ್ಟ ವರ್ಷ ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಬೀಗ ಬೀಳುತ್ತದೆ. ಸ್ಟವ್, ಹಾಸಿಗೆ, ಜೋಳದ ಚೀಲ ಎಲ್ಲವೂ ಬೆಂಗಳೂರು ಬಸ್ ಹತ್ತುತ್ತವೆ. ಕೂಸಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮಾತ್ರ ಎಷ್ಟೋ ಸಲ ಊರಲ್ಲೇ ಉಳಿಯುತ್ತದೆ. ಅಲ್ಲಿಗೆ ಲಸಿಕೆಯೂ ನಿಂತುಹೋಗುತ್ತದೆ. ಹಾಗಾಗಬೇಕಿಲ್ಲ. ಸರ್ಕಾರಿ ದವಾಖಾನೆಯ ಲಸಿಕೆ ಯಾವ ಊರಲ್ಲಾದರೂ ಉಚಿತ.

ಹೊರಡುವ ಹದಿನೈದು ದಿನ ಮುಂಚೆಯೇ ಕಾರ್ಡ್ ತೆಗೆದು ನೋಡಿ. ಓದಲು ಬಾರದಿದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್-ಬಿ. ಆಮೇಲೆ 6, 10, 14 ವಾರಕ್ಕೆ ಪೆಂಟಾವಲೆಂಟ್ ಸೂಜಿ, ಜೊತೆಗೆ ಹನಿಗಳು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳನ್ನು ಈ ಒಂದೇ ಸೂಜಿ ತಡೆಯುತ್ತದೆ.

ಇಲ್ಲಿಂದ ಮುಂದೆ ಜಾಸ್ತಿ ಎಚ್ಚರ ಬೇಕು. 14 ವಾರದ್ದು ಮುಗಿದರೆ 9 ತಿಂಗಳು ತುಂಬುವವರೆಗೆ ಸೂಜಿ ಇಲ್ಲ. ಮರೆಯುವುದು ಈ ನಡುವೆಯೇ. 9 ತಿಂಗಳಿಗೆ ಬರುವುದು ದಡಾರ-ರುಬೆಲ್ಲಾ ಲಸಿಕೆ. ಇದರ ಎರಡನೇ ಸಲದ್ದು 16ರಿಂದ 24 ತಿಂಗಳೊಳಗೆ. ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಹತ್ತಾರು ಮಕ್ಕಳು ಒಟ್ಟಿಗೇ ಇರುತ್ತಾರೆ, ಅಲ್ವಾ? ಒಬ್ಬರಿಗೆ ದಡಾರ ಬಂದರೆ ಲಸಿಕೆ ಆಗದ ಉಳಿದ ಮಕ್ಕಳಿಗೂ ಬೇಗ ಅಂಟುತ್ತದೆ. ಅದಕ್ಕೇ ಈ ಎರಡು ತಾರೀಖುಗಳನ್ನು ಮನೆಯವರೆಲ್ಲ ನೆನಪಿಡಬೇಕು.

ಲಸಿಕೆ ಹಾಕುವುದು ಹೆಚ್ಚಿನ ಕಡೆ ಗುರುವಾರ. ದಿನ ಯಾವುದೆಂದು ಆಶಾ ಅಥವಾ ಅಂಗನವಾಡಿಯಲ್ಲಿ ಕೇಳಿಕೊಳ್ಳಿ. ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ರಾತ್ರಿ ಮೈ ಬಿಸಿಯಾದರೆ ಗಾಬರಿ ಬೇಡ, ಸಿಸ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ. ಸೂಜಿ ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ ಹಚ್ಚಬೇಡಿ, ತಿಕ್ಕಬೇಡಿ. ಜ್ವರ ಇಳಿಯದಿದ್ದರೆ, ಮಗು ಹಾಲು ಕುಡಿಯದಿದ್ದರೆ ತಡಮಾಡದೆ ದವಾಖಾನೆಗೆ ಹೋಗಿ. ಜ್ವರ ಬಂತು ಅಂತ ಮುಂದಿನ ಸೂಜಿ ಬಿಡುವ ತಾಯಂದಿರಿದ್ದಾರೆ. ಸಣ್ಣ ಜ್ವರಕ್ಕೆ ಹೆದರಿ ಮಗುವನ್ನು ದೊಡ್ಡ ರೋಗದ ಬಾಯಿಗೆ ಕೊಡಬೇಡಿ.

ಬೆಂಗಳೂರು ಮುಟ್ಟಿದ ಮೇಲೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ ಅಥವಾ ಸರ್ಕಾರವೇ ನಡೆಸುವ ‘ನಮ್ಮ ಕ್ಲಿನಿಕ್’ ಎಲ್ಲಿದೆ ಎಂದು ವಿಚಾರಿಸಿ. ಅಲ್ಲಿನ ಆಶಾಗೆ ಮಗು ಇದೆ ಎಂದು ತಿಳಿಸಿ. ಮನೆ ವಿಳಾಸ ಇಲ್ಲ ಎಂದು ಹಿಂಜರಿಯಬೇಡಿ. ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಸೂಜಿ ತಪ್ಪಿದೆಯೇ? ಮೊದಲಿನಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ತಡವಾಯಿತು, ಬೈತಾರೆ ಅಂತ ಸುಮ್ನೆ ಮನೆಯಲ್ಲಿ ಕೂರಬೇಡಿ.

ಕಾರ್ಡಿನ ಎಲ್ಲ ಪುಟಗಳ ಫೋಟೊ ಗಂಡ, ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ. ಅದೂ ಇಲ್ಲ, ಕಾರ್ಡೂ ಕಳೆದಿದೆ ಎಂದಾದರೆ ಊರಿನ ಆಶಾ ಅಕ್ಕನಿಗೆ ಫೋನ್ ಹಚ್ಚಿ. ಯಾವ ಲಸಿಕೆ ಯಾವಾಗ ಆಯಿತೆಂದು ಅಲ್ಲಿನ ದಾಖಲೆ ಪುಸ್ತಕದಲ್ಲಿ ಬರೆದಿರುತ್ತಾರೆ. ಆ ಪುಟದ ಫೋಟೊ ತರಿಸಿಕೊಂಡು ಬೆಂಗಳೂರಿನ ಸಿಸ್ಟರ್‌ಗೆ ತೋರಿಸಿ.