ಹಿಂಬಾಗಿಲ ಜೇನು

ಅಪ್ಪ ಜೇನುಪೆಟ್ಟಿಗೆಯ ಮುಚ್ಚಳ ತೆಗೆದು, ಸೊಂಟ ಬಗ್ಗಿಸಿ ಮೇಲಿನಿಂದ ನೋಡುತ್ತಿದ್ದರು. ನಾನು ಸ್ಟೂಲಿನ ಮೇಲೆ ಕುಳಿತು ಹಿಂದಿನಿಂದ ನೋಡುತ್ತೇನೆ. ಶಿರಸಿ ಸೀಮೆಯ ಅಡಿಕೆ ತೋಟದಿಂದ ಸ್ಲೊವೇನಿಯಾದ ಈ ಹಳ್ಳಿಗೆ ಬಂದು ಸೇರಿದ ಮೇಲೆ ಜೇನಿನ ವಿಷಯದಲ್ಲಿ ನಾನು ಮರೆಯಬೇಕಾಗಿ ಬಂದ ಮೊದಲ ಪಾಠವೇ ಬಗ್ಗುವುದು.

ನಮ್ಮ ಮನೆಯಲ್ಲಿ ತುಡುವೆ ಇತ್ತು, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಮಲೆನಾಡಿನ ತುಡುವೆಯನ್ನು ಗುಡಿಸಿ ಹಾಕಿದಾಗ ನಮ್ಮ ಪೆಟ್ಟಿಗೆಗಳೂ ಖಾಲಿಯಾದವು. ಆಮೇಲೆ ಅವುಗಳಲ್ಲಿ ಅಡಿಕೆ ಸುಲಿಯುವ ಕತ್ತಿ, ಹಳೆಯ ಹಗ್ಗ ಸೇರಿಕೊಂಡವು. ಜೇನು ನನ್ನ ಮಟ್ಟಿಗೆ ಮುಗಿದ ಅಧ್ಯಾಯವಾಗಿತ್ತು. ಕೆಲಸ ಸಿಕ್ಕಿ ಕ್ರಾನ್ ಪಟ್ಟಣದ ಕಾರ್ಖಾನೆಯೊಂದಕ್ಕೆ ಬಂದೆ. ಬಾಡಿಗೆ ಕಡಿಮೆಯೆಂದು ಝಿರೋವ್ನಿತ್ಸಾ ಕಡೆ ಮನೆ ಹಿಡಿದೆ. ಬೆನ್ನಿಗೆ 2,236 ಮೀಟರ್ ಎತ್ತರದ ಸ್ಟೋಲ್ ಪರ್ವತ, ಎದುರಿಗೆ ಹುಲ್ಲುಗಾವಲು. ಪಕ್ಕದ ಹಿತ್ತಿಲಿನಲ್ಲಿ ಒಂದು ಮರದ ಕಟ್ಟಡವಿತ್ತು. ಅದರ ಮುಂಭಾಗಕ್ಕೆ ನೀಲಿ, ಹಳದಿ, ಹಸಿರು, ಬಿಳಿಯ ಚೌಕಗಳನ್ನು ಬಳಿದಿದ್ದರು. ಮಕ್ಕಳ ಆಟದ ಮನೆಯೆಂದುಕೊಂಡಿದ್ದೆ. ಏಪ್ರಿಲ್ ಬಂದು ಆ ಚೌಕಗಳ ಬುಡದಿಂದ ಜೇನು ಹಾರಿದಾಗಲೇ ಅದು ಚೆಬೆಲ್ನ್ಯಾಕ್, ಅಂದರೆ ಜೇನುಮನೆ ಎಂದು ತಿಳಿದದ್ದು.

ನಾನು ಬಂದು ಬಿದ್ದದ್ದು ಎಂಥ ಊರಿಗೆ ಎಂಬುದೂ ಆಮೇಲೆಯೇ ತಿಳಿಯಿತು. 1770ರಲ್ಲಿ ಸಾಮ್ರಾಜ್ಞಿ ಮಾರಿಯಾ ತೆರೇಸಾಳ ವಿಯೆನ್ನಾದಲ್ಲಿ ಜೇನು ಸಾಕಣೆಯ ಶಿಕ್ಷಕನಾಗಿ ನೇಮಕಗೊಂಡ ಆಂಟನ್ ಯಾನ್ಶಾ ಹುಟ್ಟಿದ್ದು ಇಲ್ಲಿಯ ಬ್ರೆಜ್ನಿತ್ಸಾದಲ್ಲಿ. ಅವನ ದೀಕ್ಷಾಸ್ನಾನವಾದ ದಿನ 1734ರ ಮೇ 20. ಇಂದು ಜಗತ್ತೆಲ್ಲ ಆಚರಿಸುವ ವಿಶ್ವ ಜೇನುನೊಣ ದಿನ ಅದೇ. 2018ರಲ್ಲಿ ಅದರ ಮೊದಲ ಆಚರಣೆ ಇಲ್ಲೇ ನಡೆದಾಗ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಆ ಗದ್ದಲ ಮುಗಿದ ವಾರದಲ್ಲಿಯೇ ಪಕ್ಕದ ಮನೆಯ ಅಜ್ಜನನ್ನು ಕೇಳಿದೆ: "ನನಗೂ ಕಲಿಸುತ್ತೀರಾ?" ಅವರ ಜೇನುಮನೆಯಲ್ಲಿ ಇಪ್ಪತ್ತನಾಲ್ಕು ಪೆಟ್ಟಿಗೆಗಳಿದ್ದವು. ಕೆಳಸಾಲಿನ ಮೂಲೆಯ ನಾಲ್ಕನ್ನು ನನಗೆ ಬಿಟ್ಟುಕೊಟ್ಟರು. ಮೇಲಿನ ಸಾಲು ಅವರಿಗೇ ಬೇಕು, ಮೊಣಕಾಲು ನೋವು ಎಂದರು. ಆ ಮಾತಿನಲ್ಲಿ ಈ ಪದ್ಧತಿಯ ಅರ್ಧ ಗುಟ್ಟು ಇತ್ತು.

ಪೆಟ್ಟಿಗೆಯ ಹೆಸರು ಆ-ಝೆ. ಜರ್ಮನಿಯ ಆಲ್ಬರ್ಟಿ ಮಾಡಿದ್ದ ಪೆಟ್ಟಿಗೆಯನ್ನು ಇಲಿರ್ಸ್ಕಾ ಬಿಸ್ತ್ರಿತ್ಸಾದ ಆಂಟನ್ ಝ್ನಿಡರ್ಶಿಚ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಒಗ್ಗಿಸಿದರು. ಎರಡೂ ಹೆಸರುಗಳ ಮೊದಲ ಅಕ್ಷರ ಸೇರಿ ಆ-ಝೆ. ಕಪಾಟನ್ನು ಊಹಿಸಿಕೊಳ್ಳಿ. ಎರಡು ಅಂತಸ್ತು: ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ, ನಡುವೆ ರಾಣಿ ದಾಟದ ಜಾಲರಿ. ಪ್ರತಿ ಅಂತಸ್ತಿನಲ್ಲಿ ಅಡ್ಡಲಾಗಿ ಕಬ್ಬಿಣದ ಸರಳುಗಳಿವೆ. 41 ಸೆಂಟಿಮೀಟರ್ ಉದ್ದ, 26 ಸೆಂಟಿಮೀಟರ್ ಎತ್ತರದ ಚೌಕಟ್ಟುಗಳು ನಮ್ಮ ಪೆಟ್ಟಿಗೆಯಲ್ಲಿಯಂತೆ ಕಿವಿಗಳಿಂದ ನೇತಾಡುವುದಿಲ್ಲ, ಈ ಸರಳುಗಳ ಮೇಲೆ ನಿಲ್ಲುತ್ತವೆ. ಹಿಂದಿನ ಬಾಗಿಲು ತೆರೆದರೆ ಒಳಗೆ ಜಾಲರಿ ಹೊಡೆದ ಕಿಟಕಿ, ಅದನ್ನೂ ತೆಗೆದರೆ ಹತ್ತು ಚೌಕಟ್ಟುಗಳ ಬೆನ್ನು. ಪುಸ್ತಕದಂತೆ ಒಂದೊಂದನ್ನೇ ಎಳೆಯಬೇಕು. ಎದುರಿಗೆ ಹುಲ್ಲುಗಾವಲಿನ ಕಡೆಗೆ ಜೇನಿನ ಬಾಗಿಲು. ಅದನ್ನು ಇವರು ಗಂಟಲು ಎನ್ನುತ್ತಾರೆ, ಅದರ ಕೆಳಗಿನ ಮಡಚುವ ಹಲಗೆಯನ್ನು ಗಡ್ಡ ಎನ್ನುತ್ತಾರೆ. ಸಾಗಿಸುವಾಗ ಗಡ್ಡ ಮೇಲೆತ್ತಿದರೆ ಗಂಟಲು ಮುಚ್ಚುತ್ತದೆ. ಹಳೆಯ ಲಾರಿ, ಬಸ್ಸುಗಳ ತುಂಬ ಇಂಥ ಪೆಟ್ಟಿಗೆ ಜೋಡಿಸಿಕೊಂಡು ಹೂವನ್ನು ಹುಡುಕಿ ಹೋಗುವವರು ಇಂದಿಗೂ ಇದ್ದಾರೆ.

ಮೊದಲ ದಿನ ಚೌಕಟ್ಟು ಎಳೆಯಲು ಹೋಗಿ ಸೋತೆ. ಅಂಟು. ಚಳಿಗಾಲಕ್ಕೆ ಮೊದಲು ಜೇನುಗಳು ಮರದ ಗೋಂದಿನಿಂದ ಚೌಕಟ್ಟನ್ನು ಸರಳಿಗೆ, ಸರಳನ್ನು ಗೋಡೆಗೆ, ಕಿಟಕಿಯನ್ನು ಎಲ್ಲಕ್ಕೂ ಬೆಸೆದಿರುತ್ತವೆ. ಅದಕ್ಕೆಂದೇ ಒಂದು ಇಕ್ಕಳವಿದೆ. ಚೌಕಟ್ಟಿನ ಬೆನ್ನನ್ನು ಇಕ್ಕಳದಲ್ಲಿ ಹಿಡಿದು, ಮೊದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಟಕ್ ಎಂಬ ಸದ್ದು ಬಂದ ಮೇಲೆಯೇ ಎಳೆಯಬೇಕು. ಎಳೆದದ್ದನ್ನು ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತೇವೆ. ಆ ಸ್ಟ್ಯಾಂಡಿನ ಹೆಸರು ಮೇಕೆಮರಿ. ಇವರ ಜೇನಿನ ಭಾಷೆಯಲ್ಲಿ ಹೀಗೆ ಮನೆ, ಮೈ, ಕೊಟ್ಟಿಗೆ ಎಲ್ಲ ಬೆರೆತಿವೆ. ಚೌಕಟ್ಟಿನಲ್ಲಿ ಕಟ್ಟಿದ ಎರಿಗಳ ನಡುವೆ ಜೇನು ತುಂಬಿ ಕೂರುವ ಸಂದುಗಳಿಗೆ ಓಣಿ ಎನ್ನುತ್ತಾರೆ. ಮಾರ್ಚಿನಲ್ಲಿ ಇಬ್ಬರು ಸಾಕಣೆದಾರರು ಎದುರಾದರೆ ಕುಶಲ ವಿಚಾರಿಸುವುದು "ನಿನ್ನದು ಎಷ್ಟು ಓಣಿ?" ಎಂದೇ.

ತಪ್ಪು ಮಾಡಿದ್ದನ್ನು ಹೇಳಬೇಕು. ಮೊದಲ ಬೇಸಿಗೆಯಲ್ಲಿ ನಡುವಿನ ಐದನೆಯ ಚೌಕಟ್ಟನ್ನು ನೇರವಾಗಿ ಎಳೆದುಬಿಟ್ಟೆ. ಮೊಟ್ಟೆ ನೋಡುವ ಆತುರ. ಪಕ್ಕದ ಎರಿಯ ಉಬ್ಬಿಗೆ ಉಜ್ಜಿಕೊಂಡು ಬಂದ ಆ ಚೌಕಟ್ಟಿನೊಂದಿಗೆ ರಾಣಿಯೂ ಉರುಳಿ ನಜ್ಜುಗುಜ್ಜಾಗಿ ಬಂದಳು. ಮೇಲಿನಿಂದ ತೆಗೆಯುವ ಪೆಟ್ಟಿಗೆಯಲ್ಲಿಯೂ ಇದು ಆಗುತ್ತದೆ, ಆದರೆ ಅಲ್ಲಿ ಎರಿಯನ್ನು ಮೇಲೆತ್ತುವ ದೂರ ಗೇಣುದ್ದ. ಇಲ್ಲಿ 41 ಸೆಂಟಿಮೀಟರ್ ಉದ್ದಕ್ಕೂ ಉಜ್ಜುತ್ತಲೇ ಬರುತ್ತದೆ. ಅಂದಿನಿಂದ ನಾನು ಯಾವಾಗಲೂ ತುದಿಯ ಚೌಕಟ್ಟನ್ನು ಮೊದಲು ತೆಗೆಯುತ್ತೇನೆ. ಅಲ್ಲಿ ಹೆಚ್ಚಾಗಿ ಜೇನು, ಪರಾಗ ಇರುತ್ತವೆ, ರಾಣಿ ವಿರಳ. ಆ ಜಾಗ ಖಾಲಿಯಾದ ಮೇಲೆ ಉಳಿದವನ್ನು ಅತ್ತ ಸರಿಸಿ ಸಡಿಲ ಮಾಡಿಕೊಳ್ಳುತ್ತೇನೆ.

ಒಳಗೆ ತಳ್ಳುವುದು ಎಳೆಯುವುದಕ್ಕಿಂತ ಕಷ್ಟ. ಮುಂದಿನ ಗೋಡೆಯಲ್ಲಿ ಚೌಕಟ್ಟುಗಳ ಅಂತರ ಕಾಯುವ ಹಲ್ಲುಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ. ಒಂದು ಚೌಕಟ್ಟು ಹಲ್ಲು ತಪ್ಪಿ ಓರೆಯಾಗಿ ಕುಳಿತರೆ ಕಿಟಕಿ ಮುಚ್ಚುವುದೇ ಇಲ್ಲ, ಕೊನೆಯ ಅರ್ಧ ಅಂಗುಲದಲ್ಲಿ ನಿಂತುಬಿಡುತ್ತದೆ. ಬಲ ಹಾಕಿದರೆ ಜೇನು ಚಪ್ಪಟೆ. ಈಗ ಕೈಗೆ ಅಭ್ಯಾಸವಾಗಿದೆ: ತಳ್ಳು, ನಿಲ್ಲು, ಗೊರಕೆಯಂಥ ಸದ್ದು ಸರಿದುಹೋಗಲಿ, ಮತ್ತೆ ತಳ್ಳು. ಒಂದು ಪೆಟ್ಟಿಗೆಯನ್ನು ಪೂರ್ತಿ ನೋಡಲು ನನಗೆ ಅರ್ಧ ಗಂಟೆ ಬೇಕು. ಅಪ್ಪ ಅಷ್ಟು ಹೊತ್ತಿನಲ್ಲಿ ತೋಟದ ಎಲ್ಲ ಪೆಟ್ಟಿಗೆಗಳನ್ನೂ ನೋಡಿ ಚಹಾಕ್ಕೆ ಬಂದಿರುತ್ತಿದ್ದರು.

ಹಾಗಿದ್ದರೆ ಈ ಪದ್ಧತಿ ಏಕೆ? ಜೇನಿಗೆ ಬೆಚ್ಚಗಿರುತ್ತದೆ, ಮಳೆ ಹಿಮ ತಾಗುವುದಿಲ್ಲ, ಒಂದರ ಗೋಡೆ ಇನ್ನೊಂದಕ್ಕೆ ಆಸರೆ ಎಂದು ಇಲ್ಲಿಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಜೇನುಮನೆ ಇರುವುದು ಮುಖ್ಯವಾಗಿ ಮನುಷ್ಯನಿಗಾಗಿ ಎಂಬುದು ನನ್ನ ಅಭಿಪ್ರಾಯ. ಬಯಲಿನ ಪೆಟ್ಟಿಗೆಯಲ್ಲಿ ಕೆಳಕೋಣೆ ನೋಡಬೇಕೆಂದರೆ ಇಪ್ಪತ್ತು ಕಿಲೋ ಮೀರಿದ ಮೇಲುಕೋಣೆಯನ್ನು ಎತ್ತಿಳಿಸಬೇಕು. ಇಲ್ಲಿ ಏನನ್ನೂ ಎತ್ತುವುದಿಲ್ಲ, ಕೈಯಲ್ಲಿ ಬರುವುದು ಒಂದೊಂದೇ ಚೌಕಟ್ಟು. ಎಂಬತ್ತು ದಾಟಿದ ಅಜ್ಜ ಇಂದಿಗೂ ತಮ್ಮ ಜೇನನ್ನು ತಾವೇ ನೋಡಿಕೊಳ್ಳುವುದು ಇದರಿಂದ. ಮಳೆ ಸುರಿಯುವಾಗಲೂ ಕೆಲಸ ಸಾಗುತ್ತದೆ. ಒಳಗೆ ಅರೆಗತ್ತಲೆ. ಇರುವುದು ಒಂದೇ ಕಿಟಕಿ. ಚೌಕಟ್ಟಿನಿಂದ ಎದ್ದ ಜೇನು ನನ್ನ ಮುಖ ಬಿಟ್ಟು ಬೆಳಕಿನ ಕಡೆಗೆ ಹೋಗುತ್ತದೆ, ಅಲ್ಲಿಯ ಸಂದಿನಿಂದ ಹೊರಬಿದ್ದು ಸುತ್ತಿಕೊಂಡು ತನ್ನ ಗಂಟಲಿಗೆ ಸೇರುತ್ತದೆ. ಇಲ್ಲಿಯ ಕಾರ್ನಿಯೋಲಾ ಜೇನು, ಇವರ ಬಾಯಲ್ಲಿ 'ಬೂದಿ ಬಣ್ಣದವಳು', ಸ್ವಭಾವದಲ್ಲಿಯೂ ಸಾಧು. ದೇಶದಲ್ಲಿ ಬೇರೆ ತಳಿ ಸಾಕಲು ಕಾನೂನು ಬಿಡುವುದಿಲ್ಲ. ಹೊಗೆತಿದಿ ಹೊತ್ತಿಸದೆ ಕೆಲಸ ಮುಗಿಸಿದ ದಿನಗಳೂ ಇವೆ.

ಒಂದು ಕಿರಿಕಿರಿ ಮಾತ್ರ ಇನ್ನೂ ನೀಗಿಲ್ಲ. ಬೇಸಿಗೆಯಲ್ಲಿ ಕಿಟಕಿಯ ಜಾಲರಿಗೆ ಜೇನು ದಪ್ಪಗೆ ಕಚ್ಚಿಕೊಂಡಿರುತ್ತದೆ. ಕಿಟಕಿ ತೆಗೆದೊಡನೆ ಬೊಗಸೆಗಟ್ಟಲೆ ನೆಲಕ್ಕೆ. ಬಾಗಿಲಿಗೆ ಸಿಕ್ಕಿಸುವ ಮೊರದಂಥ ತಗಡು ಒಂದಿದೆ. ಬಿದ್ದ ಜೇನು ಅದರೊಳಗೆ ಬಿದ್ದು ನಿಧಾನವಾಗಿ ಪೆಟ್ಟಿಗೆಯೊಳಗೆ ನಡೆದುಹೋಗುತ್ತದೆ. ಅದನ್ನು ಸಿಕ್ಕಿಸಲು ಮರೆಯುವುದು ನನಗೂ ಚಪ್ಪಲಿಯೊಳಗೆ ಸೇರುವ ಜೇನಿಗೂ ನಡೆದು ಬಂದ ಒಪ್ಪಂದದಂತಾಗಿದೆ.

ಪೆಟ್ಟಿಗೆಯ ದೊಡ್ಡ ಕೊರತೆ ಅಳತೆಯದು. ಅಮೆರಿಕದ ಪೆಟ್ಟಿಗೆಯಂತೆ ಮೇಲೆ ಮೇಲೆ ಅಂತಸ್ತು ಏರಿಸಲಾಗುವುದಿಲ್ಲ. ತಲೆಯ ಮೇಲೆ ಇನ್ನೊಬ್ಬರ ಮನೆ ಇದೆ. ಈ ತಳಿಯೋ ವಸಂತದಲ್ಲಿ ಉಕ್ಕುವ ಹಾಲಿನಂತೆ ಬೆಳೆಯುತ್ತದೆ, ಜಾಗ ಸಾಲದಾದರೆ ಪಾಲಾಗಿ ಹಾರುತ್ತದೆ. ಅದಕ್ಕಾಗಿ ಚೆರಿ ಹೂ ಬಿಡುವ ಹೊತ್ತಿಗೆ ಒಂದು ದೊಡ್ಡ ಕೆಲಸ ಮಾಡುತ್ತೇವೆ. ಮುಚ್ಚಿದ ಮರಿಗಳಿರುವ ಎರಿಗಳನ್ನು ಕೆಳಗಿನಿಂದ ಮೇಲಿನ ಕೋಣೆಗೆ ಸಾಗಿಸಿ, ಕೆಳಗೆ ಮೇಣದ ಹಾಳೆಯ ಹೊಸ ಚೌಕಟ್ಟು ಕೊಡುವುದು. ರಾಣಿಗೆ ಮೊಟ್ಟೆಯಿಡಲು ಜಾಗವಾಯಿತು, ಎಳೆಯ ಜೇನಿಗೆ ಎರಿ ಕಟ್ಟುವ ಕೆಲಸ ಸಿಕ್ಕಿತು. ರಾಣಿಯನ್ನು ಕಣ್ಣಾರೆ ಕಂಡು ಕೆಳಗೆ ಬಿಟ್ಟ ಮೇಲೆಯೇ ಜಾಲರಿ ಹಾಕಬೇಕು. ಎರಡನೆಯ ವರ್ಷ ಅವಳನ್ನು ಮೇಲೆ ಸಾಗಿಸಿ ಮೂರು ವಾರ ತಿಳಿಯದೆ ಇದ್ದೆ. ಜೇನು ಕೋಣೆಯ ತುಂಬ ಮರಿ. ಮೇ ತಿಂಗಳಿನಲ್ಲಿ ವಾರಕ್ಕೊಮ್ಮೆ ರಾಣಿ ಕಣ, ಅಂದರೆ ಹೊಸ ರಾಣಿ ಬೆಳೆಯುವ ಗೂಡು, ಹುಡುಕುತ್ತೇನೆ. ಒಂದು ತಪ್ಪಿಹೋದರೆ ಅಜ್ಜಿಯ ಸೇಬಿನ ಮರದಲ್ಲಿ ಗಡ್ಡದಂತೆ ನೇತಾಡುವ ಹಿಂಡನ್ನು ಏಣಿ ಹತ್ತಿ ಇಳಿಸಬೇಕು. ಅಪ್ಪ ಪಾಲಾದ ತುಡುವೆಗೆ ನೀರು ಎರಚುತ್ತಿದ್ದರು. ನಾನೂ ಅದನ್ನೇ ಮಾಡಿದೆ. ಅಜ್ಜ ತಾವೂ ಅದನ್ನೇ ಮಾಡುವುದೆಂದು ಹೇಳಿದಾಗ ಏಕೋ ಹಗುರವಾಯಿತು.

ಜೇನಿಗೆ ಮೇವು ಮೊದಲು ಹಣ್ಣಿನ ಮರಗಳು ಮತ್ತು ಡ್ಯಾಂಡೆಲಿಯನ್ ಹೂ, ಜೂನಿನಲ್ಲಿ ಲಿಂಡನ್, ಅದೃಷ್ಟವಿದ್ದ ವರ್ಷ ಸ್ಪ್ರೂಸ್ ಮರದ ಹೇನುಗಳು ಸ್ರವಿಸುವ ಸಿಹಿಯಿಂದ ಬರುವ ಕಪ್ಪು ಜೇನು. ಹೂವಿನದಲ್ಲದ ಈ ಜೇನನ್ನು ಊರಿಗೆ ತಂದಾಗ ಅಮ್ಮ ಜೋನಿ ಬೆಲ್ಲವೆಂದೇ ನಂಬಿದರು.

ಆಗಸ್ಟಿನಿಂದ ಕಥೆ ಜೇನಿನ ಮೈಗೆ ಅಂಟಿ ಸಂಸಾರವನ್ನೇ ಕೊಲ್ಲುವ ವರ್ರೋವಾ ನುಸಿಯದು. ಅದಕ್ಕೆ ಮದ್ದು ಫಾರ್ಮಿಕ್ ಆಮ್ಲ, ಡಿಸೆಂಬರಿನಲ್ಲಿ ಮರಿಯಿಲ್ಲದ ಹೊತ್ತಿಗೆ ಆಕ್ಸಾಲಿಕ್ ಆಮ್ಲ. ಬಯಲಿನಲ್ಲಿ ಕೆಲಸ ಮಾಡುವವರಿಗಿಲ್ಲದ ಅಪಾಯ ಇಲ್ಲಿದೆ: ಆವಿ ಮನೆಯೊಳಗೇ ನಿಲ್ಲುತ್ತದೆ. ಮುಖಗವಸು ಹಾಕಿ, ಬಾಗಿಲು ಕಿಟಕಿ ಹಾರು ಹೊಡೆದು, ದೂರದ ಪೆಟ್ಟಿಗೆಯಿಂದ ಬಾಗಿಲಿನ ಕಡೆಗೆ ಬರುತ್ತೇನೆ. ಮೊದಲ ವರ್ಷ ನುಸಿಯನ್ನು ಹಗುರವಾಗಿ ಕಂಡೆ. ಜನವರಿಯಲ್ಲಿ ರಬ್ಬರ್ ಕೊಳವೆಯ ಒಂದು ತುದಿ ಗಂಟಲಿಗೆ, ಇನ್ನೊಂದು ಕಿವಿಗೆ ಇಟ್ಟು ಕೇಳಿದಾಗ ಮೂರು ಪೆಟ್ಟಿಗೆ ಗುನುಗಿದವು, ನಾಲ್ಕನೆಯದು ಸುಮ್ಮನಿತ್ತು. ಭಾಷೆಯ ತರಗತಿಯಲ್ಲಿ ಪ್ರಾಣಿಗಳ ಸಾವಿಗೆ ಕಲಿಸಿದ್ದ 'ಪೊಗಿನಿತಿ' ಎಂಬ ಕ್ರಿಯಾಪದ ಬಳಸಿ ಅಜ್ಜನಿಗೆ ವರದಿ ಒಪ್ಪಿಸಿದೆ. ಅವರು ಹಿಮ ಸರಿಸುವುದನ್ನು ನಿಲ್ಲಿಸಿ ತಿದ್ದಿದರು. ದನ, ನಾಯಿಗೆ ಅದು. ಜೇನಿಗೆ 'ಉಮ್ರೆತಿ', ಮನುಷ್ಯರಿಗೆ ಬಳಸುವ ಮಾತು. ಜೇನು ಸಾಯುವುದಿಲ್ಲ, ತೀರಿಕೊಳ್ಳುತ್ತದೆ.

ಪೆಟ್ಟಿಗೆಯ ಮುಖಕ್ಕೆ ಬಣ್ಣ ಬಳಿಯುವುದು ಜೇನು ತನ್ನ ಮನೆ ಗುರುತಿಸಲೆಂದು. ಹಿಂದೆ ಚಿತ್ರಗಳನ್ನೇ ಬರೆಯುತ್ತಿದ್ದರು. ರಾಡೋವ್ಲಿತ್ಸಾದ ಜೇನು ಸಂಗ್ರಹಾಲಯದಲ್ಲಿ ಅಂಥ ಹಲಗೆಗಳ ಸಾಲೇ ಇದೆ. ಬೇಟೆಗಾರನ ಶವವನ್ನು ಹೊತ್ತು ಹೋಗುವ ಪ್ರಾಣಿಗಳು, ಚಾಡಿಕೋರಳ ನಾಲಗೆಯನ್ನು ಸಾಣೆ ಹಿಡಿಯುವ ದೆವ್ವಗಳು. ಅದರಿಂದ ಹುರುಪುಗೊಂಡು ನನ್ನ ಒಂದು ಹಲಗೆಗೆ ಯಕ್ಷಗಾನದ ಕಿರೀಟ ಹೊತ್ತ ವೇಷ ಬರೆದೆ, ಢಾಳಾದ ಕೆಂಪಿನಲ್ಲಿ. ಜೇನಿಗೆ ಕೆಂಪು ಕಾಣುವುದಿಲ್ಲ, ಅದಕ್ಕದು ಕಪ್ಪು. ಅಜ್ಜ ಹತ್ತಿರ ಬಂದು ನೋಡಿ, "ಇದು ಯಾರ ನಾಲಗೆ ಸಾಣೆ ಹಿಡಿಯುವ ದೆವ್ವ?" ಎಂದು ಕೇಳಿದರು.

ಊರಿನ ಬಂಧುಗಳು ವಿಡಿಯೊ ಕರೆಯಲ್ಲಿ ಇದನ್ನೆಲ್ಲ ಕಂಡು, ತೋಟದಲ್ಲಿ ಇಂಥದೊಂದು ಕಟ್ಟೋಣವೇ ಎಂದು ಕೇಳುತ್ತಾರೆ. ಪ್ರವಾಸಿಗರು ಬಂದಾರು ಎಂಬ ಲೆಕ್ಕ. ನಾನು ಬೇಡವೆನ್ನುತ್ತೇನೆ. ತುಡುವೆಯ ಸಂಸಾರ ಚಿಕ್ಕದು, ಇಷ್ಟು ದೊಡ್ಡ ಚೌಕಟ್ಟು ಅದಕ್ಕೆ ಬೇಕಿಲ್ಲ. ಕಿರಿಕಿರಿಯಾದರೆ ಗೂಡು ಬಿಟ್ಟು ಹೊರಟೇ ಹೋಗುವ ಜಾತಿ ಅದು. ಇಲ್ಲಿ ಒಂದು ಬಾಗಿಲು ಬಡಿದರೆ ಇಡೀ ಸಾಲು ನಡುಗುತ್ತದೆ. ಮುಂಗಾರಿನಲ್ಲಿ ಮುಚ್ಚಿದ ಮರದ ಮನೆಯೊಳಗೆ ಇರುವೆ, ಮೇಣದ ಹುಳು ಸೇರಿದರೆ ಮುಗಿಯಿತು. ಹಿಮಕ್ಕೆ ಹುಟ್ಟಿದ ಉಪಾಯವನ್ನು ಹಿಮವಿಲ್ಲದಲ್ಲಿ ಕಟ್ಟಿ ಏನು ಮಾಡುವುದು? ನಾಲ್ಕು ಕಾಲಿನ ಸ್ಟ್ಯಾಂಡು, ಕಾಲಬುಡಕ್ಕೆ ನೀರಿನ ಬಟ್ಟಲು, ಅಪ್ಪನ ಪದ್ಧತಿಯೇ ಸಾಕು. ಮಾತು ಅವರಿಗೆ ರುಚಿಸಿಲ್ಲ.

ಈಗ ನನ್ನವು ಏಳು ಪೆಟ್ಟಿಗೆ. ಫೆಬ್ರುವರಿಯಲ್ಲಿ ಬಿಸಿಲು ಬಿದ್ದ ಮೊದಲ ಮಧ್ಯಾಹ್ನ, ತಿಂಗಳುಗಟ್ಟಲೆ ಹೊಟ್ಟೆ ಕಟ್ಟಿ ಕುಳಿತಿದ್ದ ಜೇನುಗಳು ಒಮ್ಮೆಲೇ ಹೊರಬಿದ್ದು ಹಿಮದ ಮೇಲೆಲ್ಲ ಹಳದಿ ಚುಕ್ಕೆ ಇಡುತ್ತವೆ. ಅದನ್ನು ಕಂಡರೆ ಸಂಸಾರ ಚಳಿಗಾಲ ದಾಟಿತೆಂದು ಅರ್ಥ. ಅದೇ ಮಧ್ಯಾಹ್ನ ಎದುರು ಮನೆಯವರೂ ಬಿಸಿಲು ಕಂಡು ಬಿಳಿಯ ಹಾಸಿಗೆ ಹೊದಿಕೆಗಳನ್ನು ಒಗೆದು ಹರವುತ್ತಾರೆ. ಪ್ರತಿ ವರ್ಷ ಒಂದು ಬಾಟಲಿ ಲಿಂಡನ್ ಜೇನು ಕೊಟ್ಟು ರಾಜಿ ಮಾಡಿಕೊಳ್ಳುತ್ತಿದ್ದೆ. ಈ ಸಲ ಪೆಟ್ಟಿಗೆ ಹೆಚ್ಚಾದವೆಂದು ಎರಡು ಕೇಳಿದ್ದಾರೆ.