ಗೊರೂರು ಹಿನ್ನೀರಿನಲ್ಲಿ ಬೋಟ್ ಇಂಜಿನ್ ಎಳೆಯುತ್ತಿಲ್ಲವೇ? ಮೊದಲು ಆರ್‌ಪಿಎಂ ನೋಡಿ

ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಕಟ್ಟುವ) ಇಂಜಿನ್ ಎಳೆತ ಕಡಿಮೆಯಾದ ಕೂಡಲೇ ಕಾರ್ಬುರೇಟರ್ ಬಿಚ್ಚುವವರೇ ಹೆಚ್ಚು. ಅದಕ್ಕೆ ಮೊದಲು ಟ್ಯಾಕೋಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಅಂದರೆ ಆರ್‌ಪಿಎಂ, ತೋರಿಸುವ ಮೀಟರ್) ಕಟ್ಟಿ, ಎಂದಿನಷ್ಟೇ ಜನ, ಸಾಮಾನು ಹೇರಿಕೊಂಡು, ಆಳದ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿ. ಆರ್‌ಪಿಎಂ ಏರುತ್ತಲೇ ಇಲ್ಲವೋ, ಏರಿದರೂ ಬೋಟು ಓಡುತ್ತಿಲ್ಲವೋ ಗೊತ್ತಾಗಲಿ. ಎಷ್ಟು ಬರಬೇಕೆಂಬುದು ಇಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಹೆಚ್ಚಿನ 4-ಸ್ಟ್ರೋಕ್‌ಗಳಿಗೆ 5000–6000.

ಆರ್‌ಪಿಎಂ ಏರಿಯೂ ಓಟವಿಲ್ಲದಿದ್ದರೆ ತಪ್ಪು ಪ್ರೊಪೆಲ್ಲರ್ ಕಡೆಗಿದೆ. ಇಂಜಿನ್ ನಿಲ್ಲಿಸಿ, ಪ್ಲಗ್ ವೈರು ತೆಗೆದ ಮೇಲೆಯೇ ಕೈಹಾಕಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗೆ ಬಡಿದು ರೆಕ್ಕೆ ಬಾಗಬಹುದು, ಒಳಗಿನ ರಬ್ಬರ್ ಹಬ್ (ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ನಡುಭಾಗ) ಜಾರಬಹುದು. ಹಬ್ಬಿನ ಒಳಭಾಗದಿಂದ ಹೊರಭಾಗಕ್ಕೆ ಬಣ್ಣದಿಂದ ಒಂದೇ ಗೆರೆ ಎಳೆದು ಜೋರಾಗಿ ಓಡಿಸಿ ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಹಬ್ ಹೋಗಿದೆ. ಪ್ರೊಪೆಲ್ಲರಿಗೂ ಗೇರ್ ಪೆಟ್ಟಿಗೆಗೂ ನಡುವೆ ಶಾಫ್ಟಿಗೆ ಬಲೆಯ ದಾರ ಸುತ್ತಿದ್ದರೆ ತೆಗೆಯಿರಿ. ಅದು ಸೀಲ್ ಕತ್ತರಿಸುತ್ತದೆ, ಆಗ ನೀರು ನುಗ್ಗಿ ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗುತ್ತದೆ.

ಆರ್‌ಪಿಎಂ ಏರುತ್ತಿಲ್ಲವೆಂದರೆ ಪೆಟ್ರೋಲಿನಿಂದ ಶುರುಮಾಡಿ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ? ಓಡುವಾಗ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನಲ್ಲಿರುವ, ಕೈಯಿಂದ ಒತ್ತುವ ರಬ್ಬರ್ ಉಂಡೆ) ಚಪ್ಪಟೆಯಾದರೆ ಟ್ಯಾಂಕ್ ಕಡೆ ಕಟ್ಟಿಕೊಂಡಿದೆ. ಬಲ್ಬ್ ಒತ್ತಿದೊಡನೆ ವೇಗ ಮರಳಿದರೆ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ, ಇಲ್ಲವೇ ಫ್ಯುಯೆಲ್ ಪಂಪಿನ ಡಯಾಫ್ರಂ ಸೋತಿದೆ. ಫಿಲ್ಟರಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಬಿಡಿ. ಎಥನಾಲ್ ಬೆರೆತ ಪೆಟ್ರೋಲ್ ಮಳೆಗಾಲದ ತೇವ ಹೀರುತ್ತದೆ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನೇ ಖಾಲಿಮಾಡಬೇಕು. 2-ಸ್ಟ್ರೋಕಿಗೆ ಕೈಪಿಡಿ 50:1 ಎಂದರೆ 25 ಲೀಟರಿಗೆ 500 ಮಿ.ಲೀ. ಟಿಸಿ-ಡಬ್ಲ್ಯೂ3 (ಬೋಟಿನ 2-ಸ್ಟ್ರೋಕ್ ಇಂಜಿನ್ನಿಗೆಂದೇ ಇರುವ ದರ್ಜೆ) ಆಯಿಲ್. ಬೈಕಿನ 2ಟಿ ಆಯಿಲ್ ಖಂಡಿತ ಬೇಡ.

ಆಮೇಲೆ ಥ್ರಾಟಲ್ ಕೇಬಲ್: ಇಂಜಿನ್ ನಿಲ್ಲಿಸಿ ಹಿಡಿಯನ್ನು ಪೂರ್ತಿ ತಿರುಗಿಸಿ, ಕಾರ್ಬುರೇಟರಿನ ಬಟರ್‌ಫ್ಲೈ (ಗಾಳಿ ಬಿಡುವ ತಗಡಿನ ಬಿಲ್ಲೆ) ಪೂರ್ತಿ ತೆರೆಯಬೇಕು. ನಂತರ ಪ್ಲಗ್‌ಗಳು. ಒಂದು ಮಾತ್ರ ಒದ್ದೆಯಾಗಿ ಕಪ್ಪಾಗಿದ್ದರೆ ಆ ಸಿಲಿಂಡರ್ ಉರಿಯುತ್ತಿಲ್ಲ. ಸ್ಪಾರ್ಕ್ ಟೆಸ್ಟರ್ ಹಾಕಿ. ಸ್ಪಾರ್ಕ್ ಸರಿಯಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಸಿಲಿಂಡರುಗಳ ನಡುವೆ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೆಕ್ಯಾನಿಕ್ಕಿಗೆ ಬಿಡುವುದೇ ಸರಿ.

ಇಂಜಿನ್ನಿನಿಂದ ಚಿಮ್ಮುವ ತಂಪಿನ ನೀರಿನ ಮೇಲೂ ಕಣ್ಣಿರಲಿ. ಹೂಳು ನೀರು ಇಂಪೆಲ್ಲರಿನ (ಆ ನೀರನ್ನು ಮೇಲೆತ್ತುವ ಪಂಪಿನ ಚಕ್ರದ) ರಬ್ಬರನ್ನು ಬೇಗ ಸವೆಸುತ್ತದೆ. ಬಿಸಿಯಾದಾಗ ಹಲವು ಇಂಜಿನ್‌ಗಳು ತಾವಾಗಿಯೇ ಆರ್‌ಪಿಎಂ ಇಳಿಸುತ್ತವೆ. ದಡದಲ್ಲಿ ಪರೀಕ್ಷಿಸುವಾಗಲೂ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿಯೇ ಸ್ಟಾರ್ಟ್ ಮಾಡಿ.

ಎಲ್ಲವೂ ಸರಿಯಿದ್ದೂ ಆರ್‌ಪಿಎಂ ಸ್ವಲ್ಪ ಕೊರತೆಯೇ? ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಸಾವಿರ ಅಡಿಗೆ ಸುಮಾರು ಶೇ 3ರಂತೆ ಶಕ್ತಿ ಕುಗ್ಗುವುದರಿಂದ ಕರಾವಳಿಯಲ್ಲಿ ಚೆನ್ನಾಗಿ ಓಡಿದ ಪ್ರೊಪೆಲ್ಲರ್ ಇಲ್ಲಿ ಭಾರವಾಗುತ್ತದೆ. ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಒಂದು ಇಂಚು ಕಡಿಮೆ ಇರುವುದನ್ನು ಹಾಕಿದರೆ 150–200 ಆರ್‌ಪಿಎಂ ಏರುತ್ತದೆ. ಬದಲಿಸಿದ ಮೇಲೆ ಖಾಲಿ ಬೋಟಿನಲ್ಲೂ ಒಮ್ಮೆ ಓಡಿಸಿ, ಕೈಪಿಡಿಯ ಮೇಲಿನ ಮಿತಿ ದಾಟುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.